ಹಾಸಿಗೆ ಹಿಡಿಯುವುದೂ ದಣಿವಾರಿಸಿಕೊಳ್ಳುವುದೂ
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾವು ಪಂಡಿತರಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ಆಫೀಸಿನಲ್ಲಿ ಹಾಜರಿ ಬರೆಯುವವರು. ಸಂಜೆ ಇಲ್ಲಿ ಬಂದು ಪತ್ರಿಕೆಗಳನ್ನು ಜೋಡಿಸಿಡುತ್ತೇವೆ. ಯಾರಾದರೂ ಇಂಗ್ಲಿಷ್ ಕಾಗದ ತಂದರೆ ಅದನ್ನು ಓದಿ ಹೇಳುತ್ತೇವೆ. ಈ ಹೊತ್ತು ಮಾತಾಡಲು ನಿಂತಿರುವುದು ಅಂಥದೊಂದು ಕಾಗದವನ್ನು ನಾವು ತಪ್ಪಾಗಿ ಓದಿ ಹೇಳಿದ ಕಾರಣದಿಂದ.

ಬಾಗಲಕೋಟೆ ಕಡೆಯ ಒಬ್ಬ ಹುಡುಗ. ಹೆಸರು ಬೇಡ, ನಿಮ್ಮಲ್ಲಿ ಹಲವರಿಗೆ ಗೊತ್ತು. ನೂಲಿನ ಗಂಟು ಎತ್ತುವಾಗ ಅವನ ಸೊಂಟ ಹಿಡಿಯಿತು. ಡಾಕ್ಟರು ಚೀಟಿಯಲ್ಲಿ ಮಾತ್ರೆಗಳ ಕೆಳಗೆ ಎರಡೇ ಶಬ್ದ ಬರೆದಿದ್ದರು: ಬೆಡ್ ರೆಸ್ಟ್. ಎಷ್ಟು ದಿನ ಎಂದು ಇರಲಿಲ್ಲ. ನಾವೂ ಕೇಳಲಿಲ್ಲ. ಊರಿಗೆ ತಿಳಿಸಿ ಎಂದು ಅವನು ಹೇಳಿದ್ದಕ್ಕೆ, ಹೇಗೂ ಕನ್ನಡ ಬಲ್ಲೆವೆಂಬ ಧೈರ್ಯದಿಂದ, "ನಿಮ್ಮ ಮಗ ಹಾಸಿಗೆ ಹಿಡಿದಿದ್ದಾನೆ, ಡಾಕ್ಟರೇ ಬರೆದುಕೊಟ್ಟಿದ್ದಾರೆ" ಎಂದು ಸುದ್ದಿ ಕಳಿಸಿದೆವು.

ಮೂರನೆಯ ದಿನ ಈ ಬಾಗಿಲಲ್ಲಿ ಅವನ ತಂದೆ ನಿಂತಿದ್ದರು. ಹಿಂದೆ ತಾಯಿ. ಹಾಲು ಕೊಡುವ ಎಮ್ಮೆಯನ್ನು ಮಾರಿ, ಸಿಕ್ಕಿದ ಹಣವನ್ನು ಸೊಂಟಕ್ಕೆ ಕಟ್ಟಿಕೊಂಡು ಬಂದಿದ್ದರು. ಮುದುಕರು ಕೇಳಿದ ಮೊದಲ ಮಾತು: "ನನ್ನ ಮಗಾ ಅದಾನೇನ್ರಿ?"

ಆ ಮಾತು ನಮ್ಮನ್ನು ಇಂದಿಗೂ ಬಿಟ್ಟಿಲ್ಲ.

ತಪ್ಪು ಎಲ್ಲಿ ಆಯಿತೆಂದರೆ, 'ಹಾಸಿಗೆ ಹಿಡಿ' ಎಂಬುದು ನಮ್ಮ ಭಾಷೆಯಲ್ಲಿ ವಿಶ್ರಾಂತಿಯ ಮಾತೇ ಅಲ್ಲ. ಮತ್ತೆ ಏಳುವುದು ಅನುಮಾನ ಎನ್ನುವವರಿಗೆ ಆಡುವ ಮಾತು. ಬೆಡ್ ಎಂದರೆ ಹಾಸಿಗೆ ಎಂದು ನಾವು ಶಬ್ದಕ್ಕೆ ಶಬ್ದ ಇಟ್ಟೆವು. ಅರ್ಥ ಸ್ಮಶಾನದ ಕಡೆಗೆ ಹೊರಳಿತು.

ನಮ್ಮಲ್ಲಿ ಇದಕ್ಕೆ ಶಬ್ದಗಳ ಬಡತನವೇನೂ ಇಲ್ಲ. ವಿಶ್ರಾಂತಿ ಎಂಬ ಸಂಸ್ಕೃತ ಶಬ್ದದ ಹೊಟ್ಟೆಯಲ್ಲೇ ಶ್ರಮವಿದೆ. ದುಡಿದವನಿಗೆ ಮಾತ್ರ ಸಲ್ಲುವ ಶಬ್ದ. ವಿರಾಮವೆಂದರೆ ನಿಲ್ಲುವುದು, ಅಲ್ಪವಿರಾಮವೂ ಉಂಟು, ಪೂರ್ಣವಿರಾಮವೂ ಉಂಟು. ಬಿಡುವು ಎಂಬುದು 'ಬಿಡು' ಎಂಬುದರಿಂದ ಬಂದ ನಮ್ಮ ಮನೆಯ ಮಾತು. ಉತ್ತರ ಕರ್ನಾಟಕದವರ ಸೂಟಿ ಮರಾಠಿಯಿಂದ ಬಂದದ್ದು, ಅದೂ ಬಿಡುಗಡೆಯೇ. ರಜೆ ಮಾತ್ರ ಬೇರೆ ಜಾತಿ. ಅರಬ್ಬಿ, ಪಾರಸಿಗಳಿಂದ ಬಂದ ಆ ಶಬ್ದದ ಮೂಲಾರ್ಥ ಒಪ್ಪಿಗೆ. ಇನ್ನೊಬ್ಬರು ಒಪ್ಪಿದರೆ ಉಂಟು, ಇಲ್ಲವಾದರೆ ಇಲ್ಲ. ಹಾಜರಿ ಪುಸ್ತಕ ಇಡುವ ನಮಗೆ ಇದರ ವ್ಯಾಖ್ಯಾನ ಬೇಕಿಲ್ಲ. ಇನ್ನು ಆರಾಮ: "ಆರಾಮ ಇದ್ದೀರೇನ್ರಿ?" ಎಂದರೆ ಕೆಲಸವಿಲ್ಲದೆ ಕುಳಿತಿದ್ದೀರಾ ಎಂದಲ್ಲ, ಆರೋಗ್ಯವೇ ಎಂದು. ಆರಾಮಿಲ್ಲ ಎಂದರೆ ಕಾಯಿಲೆ.

ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು ದಣಿವಾರಿಸಿಕೊಳ್ಳುವುದು. ಒಗೆದ ಬಟ್ಟೆ ಆರುತ್ತದೆ, ಕಾದ ಹಾಲು ಆರುತ್ತದೆ, ಗಾಯವೂ ಆರುತ್ತದೆ. ಹಾಗೆಯೇ ದಣಿವು. ಎಲ್ಲದಕ್ಕೂ ಒಂದು ಹೊತ್ತು ಬೇಕು. ಆ ಹೊತ್ತು ಮೀರಿದರೆ ಹಾಲು ತಣ್ಣಗಾಗಿ ಕೆನೆಗಟ್ಟುತ್ತದೆ.

ಹುಡುಗನಿಗೂ ಅದೇ ಆಯಿತು. ತಾಯಿ ಬಂದ ಮೇಲೆ ನೆಲಕ್ಕೆ ಕಾಲಿಡಲು ಬಿಡಲಿಲ್ಲ. ಒಂದೇ ಖೋಲಿಯಲ್ಲಿ ಆರು ಜನ, ರಾತ್ರಿ ಪಾಳಿಯವರು ಹಗಲು ಮಲಗುವ ಜಾಗದಲ್ಲಿ ಇವನು ಮೂರು ವಾರ ಮಲಗಿದ. ನಲ್ಲಿಯೂ ಕಕ್ಕಸೂ ಕೆಳಗಿನ ಅಂಗಳದಲ್ಲಿ. ನೀರು ಹೊತ್ತವರು ಆ ಮುದುಕರು. ಎದ್ದಾಗ ಕಾಲು ನಡುಗಿದವು, ತಲೆ ತಿರುಗಿತು. ಮತ್ತೆ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆವು. "ಎರಡು ದಿನ ಮಲಗಿ, ಆಮೇಲೆ ಮೆಲ್ಲಗೆ ಓಡಾಡಲಿ ಎಂಬುದು ನಮ್ಮ ಅಭಿಪ್ರಾಯವಾಗಿತ್ತು" ಎಂದರು. ಅಭಿಪ್ರಾಯವನ್ನು ಚೀಟಿಯಲ್ಲಿ ಬರೆದಿದ್ದರೆ ಒಂದು ಎಮ್ಮೆ ಉಳಿಯುತ್ತಿತ್ತು.

ಆ ಮೇಲೆ ನಾವು ಸಿಕ್ಕಷ್ಟು ಓದಿದೆವು. ರಿಚರ್ಡ್ ಆಶರ್ ಎಂಬ ಇಂಗ್ಲಿಷ್ ವೈದ್ಯರು 1947ರಲ್ಲೇ ಹಾಸಿಗೆಯ ಅಪಾಯಗಳನ್ನು ಕುರಿತು ಬರೆದಿದ್ದರು: ಕಾಲಿನ ರಕ್ತ ಹೆಪ್ಪುಗಟ್ಟುವುದು, ಬೆನ್ನು ಹುಣ್ಣಾಗುವುದು, ಮಾಂಸಖಂಡ ಸೊರಗುವುದು. ಸೊಂಟನೋವಿನವರನ್ನೇ ಕುರಿತು ಅಮೆರಿಕದಲ್ಲಿ ನಡೆದ ಒಂದು ಪರೀಕ್ಷೆ 1986ರಲ್ಲಿ ಪ್ರಕಟವಾಯಿತು. ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಲು ಹೇಳಿದರು. ಗುಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡು ದಿನದವರು ಕೆಲಸಕ್ಕೆ ತಪ್ಪಿಸಿಕೊಂಡ ದಿನಗಳು ಮಾತ್ರ ಬಹಳ ಕಡಿಮೆ. ಇದಕ್ಕೂ ಹಿಂದೆ, 1966ರಲ್ಲಿ, ಡಲ್ಲಾಸ್ ನಗರದಲ್ಲಿ ಇಪ್ಪತ್ತು ವಯಸ್ಸಿನ ಐವರು ಗಟ್ಟಿ ತರುಣರನ್ನು ಮೂರು ವಾರ ಮಲಗಿಸಿ ನೋಡಿದ್ದರು, ನಮ್ಮ ಹುಡುಗ ಮಲಗಿದಷ್ಟೇ ದಿನ. ಮೂವತ್ತು ವರ್ಷ ಕಳೆದು ಅದೇ ಐವರನ್ನು ಪರೀಕ್ಷಿಸಿದಾಗ ತಿಳಿದದ್ದೇನು? ಮೂವತ್ತು ವರ್ಷದ ಮುಪ್ಪು ಕಸಿದುಕೊಂಡದ್ದಕ್ಕಿಂತ ಆ ಮೂರು ವಾರದ ಹಾಸಿಗೆ ಅವರ ದೇಹಶಕ್ತಿಯನ್ನು ಹೆಚ್ಚು ಕಸಿದಿತ್ತು!

ಕ್ಷಯದ ಮಾತು ಇನ್ನೂ ಹತ್ತಿರದ್ದು. ತಿಂಗಳುಗಟ್ಟಲೆ ಸ್ಯಾನಟೋರಿಯಮ್ಮಿನಲ್ಲಿ ಮಲಗದೆ ಅದು ವಾಸಿಯಾಗದೆಂದು ಒಂದು ಕಾಲಕ್ಕೆ ನಂಬಿದ್ದರು. ಮದರಾಸಿನ ಕ್ಷಯ ಚಿಕಿತ್ಸಾ ಕೇಂದ್ರದವರು ಬಡ ರೋಗಿಗಳಲ್ಲಿ ಕೆಲವರಿಗೆ ಸ್ಯಾನಟೋರಿಯಮ್ಮಿನಲ್ಲಿ, ಕೆಲವರಿಗೆ ಮನೆಯಲ್ಲೇ, ಒಂದೇ ಔಷಧವನ್ನು ಒಂದು ವರ್ಷ ಕೊಟ್ಟರು. ಫಲ ಹೆಚ್ಚುಕಡಿಮೆ ಒಂದೇ ಎಂದು 1959ರಲ್ಲಿ ಪ್ರಕಟಿಸಿದರು. ವಾಸಿಮಾಡಿದ್ದು ಔಷಧ, ಮಂಚವಲ್ಲ.

ಹಾಗೆಂದು ಡಾಕ್ಟರು ಮಲಗು ಎಂದಾಗ ಎದ್ದು ಪಾಳಿಗೆ ಓಡಬೇಡಿ. ಮುರಿದ ಎಲುಬಿನ ಲೆಕ್ಕ ಬೇರೆ. ಸೊಂಟನೋವಿನ ಜೊತೆಗೆ ಕಾಲು ಜೋಮುಹಿಡಿದರೆ, ಮೂತ್ರ ಕಟ್ಟಿದರೆ, ಆ ಕ್ಷಣವೇ ಆಸ್ಪತ್ರೆಗೆ ಹೋಗತಕ್ಕದ್ದು. ಮಾತ್ರೆ ಎಷ್ಟು ಎಂದು ಕೇಳುವಂತೆ ವಿಶ್ರಾಂತಿ ಎಷ್ಟು ಎಂದೂ ಕೇಳಿರಿ: ಎಷ್ಟು ದಿನ, ಕಕ್ಕಸಿಗೆ ಎದ್ದು ಹೋಗಬಹುದೇ, ಮೆಟ್ಟಿಲು ಇಳಿಯಬಹುದೇ, ಭಾರ ಯಾವಾಗ ಎತ್ತಬಹುದು.

ದಿನಗಳನ್ನು ಬರೆಸಿಕೊಳ್ಳಲು ಇನ್ನೊಂದು ಕಾರಣವೂ ಉಂಟು, ಇದು ಗುಮಾಸ್ತೆಯ ಮಾತು. ಬರಿಯ 'ರೆಸ್ಟ್' ಎಂದಿದ್ದರೆ ಆಫೀಸಿನಲ್ಲಿ ನಾವು ಏನೂ ಮಾಡಲಾರೆವು. ಕಾರ್ಮಿಕ ರಾಜ್ಯ ವಿಮೆ ಇರುವವರಿಗೆ, ಬೇಕಾದಷ್ಟು ದಿನಗಳ ವಂತಿಗೆ ಸಂದಿದ್ದರೆ, ಕಾಯಿಲೆಯ ದಿನಗಳಿಗೆ ಕೂಲಿಯ ಶೇಕಡಾ 70ರಂತೆ ವರ್ಷಕ್ಕೆ 91 ದಿನಗಳವರೆಗೆ ಹಣ ಸಿಗುತ್ತದೆ. ಆದರೆ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಕೆಲಸಕ್ಕೆ ಬರಲಾರ ಎಂಬ ಸರ್ಟಿಫಿಕೇಟು ವಿಮೆಯ ಡಾಕ್ಟರಿಂದಲೇ ಬರಬೇಕು. ನಮ್ಮ ಹುಡುಗನ ಚೀಟಿ ಖಾಸಗಿ ದವಾಖಾನೆಯದು. ಮೂರು ವಾರದ ಕೂಲಿ ಹೋಯಿತು.

ಮುದುಕರು ಊರಿಗೆ ಹೊರಟ ದಿನ ನಾವು ಸ್ಟೇಷನ್ನಿಗೆ ಹೋಗಿ ಕ್ಷಮೆ ಕೇಳಿದೆವು. ಅವರು ಸಿಟ್ಟಾಗಲಿಲ್ಲ. "ಇನ್ನೊಮ್ಮೆ ಹಿಂಗಾದ್ರ, ಮಗಾ ಸ್ವಲ್ಪ ಅಡ್ಡಾಗ್ಯಾನ ಅಂತ ತಿಳಸ್ರಿ, ಸಾಕು" ಎಂದರು. ಇಷ್ಟೆಲ್ಲ ಓದಿದ ನಮಗೆ ಆ ಶಬ್ದ ಹೊಳೆದಿರಲಿಲ್ಲ.