ಊಹೆಗೊಂದು ಪುಟ
(ಬಾನುಲಿ ಭಾಷಣ)

ನಮ್ಮ ಕಾಲೇಜುಗಳ ವಾರ್ಷಿಕ ಸಂಚಿಕೆಯನ್ನು ನೋಡದವರು ಯಾರಿದ್ದಾರೆ? ಮೊದಲ ಹಾಳೆಯಲ್ಲಿ ಪ್ರಾಂಶುಪಾಲರ ಭಾವಚಿತ್ರ. ಅದರ ಹಿಂದೆ ಆಡಳಿತ ಮಂಡಲಿಯವರದು. ನಡುವೆ ಗೆದ್ದ ಬಟ್ಟಲನ್ನು ಮುಂದಿಟ್ಟುಕೊಂಡು ಕುಳಿತ ಆಟಗಾರರದು. ಇವುಗಳ ಸಂದಿಯಲ್ಲಿ ನಾಲ್ಕಾರು ಕವನಗಳು, ಒಂದು ಪ್ರವಾಸ ಕಥನ, ಒಂದಿಷ್ಟು ನಗೆಹನಿಗಳು. ಇದನ್ನು ಹಗುರವಾಗಿ ಕಾಣಬೇಕೆಂದು ನಾನು ಹೇಳುತ್ತಿಲ್ಲ. ತನ್ನ ಹೆಸರನ್ನು ಮೊದಲ ಸಲ ಅಚ್ಚಿನಲ್ಲಿ ಕಂಡಾಗಿನ ಸುಖ ಬರೆಯುವವರಿಗೆಲ್ಲ ಗೊತ್ತು. ಆದರೆ ವಿದ್ಯಾರ್ಥಿಗಳ ಪತ್ರಿಕೆಗೆ ಇನ್ನೊಂದು ಕೆಲಸವೂ ಉಂಟು. ಪದವಿ ತರಗತಿಯ ಹುಡುಗನೋ ಹುಡುಗಿಯೋ ತಾನಾಗಿ ಹುಡುಕಿದ್ದನ್ನು, ಎಣಿಸಿದ್ದನ್ನು, ಸಂದೇಹಪಟ್ಟದ್ದನ್ನು ನಾಲ್ಕು ಜನರ ಮುಂದೆ ಇಡುವ ಕೆಲಸ ಅದು. ಅಂಥ ಒಂದು ಪತ್ರಿಕೆಯ ಕಥೆಯನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ.

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಗಣಿತದ ವಿದ್ಯಾರ್ಥಿಗಳು 1935ರಲ್ಲಿ ಒಂದು ಸಂಘವನ್ನು ಕಟ್ಟಿಕೊಂಡರು. ಅದಕ್ಕೆ ‘ಆರ್ಕಿಮಿಡಿಯನ್ಸ್’ ಎಂದು ಹೆಸರಿಟ್ಟರು. 1939ರಲ್ಲಿ ಆ ಸಂಘ ‘ಯುರೇಕಾ’ ಎಂಬ ಪತ್ರಿಕೆಯನ್ನು ತೆಗೆಯಿತು. ಆರ್ಕಿಮಿಡೀಸನು ಸ್ನಾನದ ತೊಟ್ಟಿಯಿಂದ ಎದ್ದು, ‘ಕಂಡುಕೊಂಡೆ, ಕಂಡುಕೊಂಡೆ’ ಎಂದು ಕೂಗುತ್ತ ಬೀದಿಗೆ ಓಡಿದ ಕಥೆ ಎಲ್ಲರೂ ಬಲ್ಲದ್ದು. ಆ ಕೂಗೇ ಪತ್ರಿಕೆಯ ಹೆಸರು. ಸಂಪಾದಕರೂ ವಿದ್ಯಾರ್ಥಿಗಳೇ. ಅವರು ಓದು ಮುಗಿಸಿ ಹೊರಟರೆ ಹಿಂದಿನ ಸಾಲಿನವರು ಬಂದು ಆ ಜಾಗದಲ್ಲಿ ಕುಳಿತುಕೊಳ್ಳುತ್ತಾರೆ.

ಈ ಪತ್ರಿಕೆಯ ಎಂಟನೆಯ ಸಂಚಿಕೆಯಲ್ಲಿ, 1944ರಲ್ಲಿ, ಫ್ರೀಮನ್ ಡೈಸನ್ ಎಂಬ ಇಪ್ಪತ್ತರ ತರುಣನ ಒಂದು ಸಣ್ಣ ಲೇಖನ ಬಂದಿತು. ಅದರ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ, ‘ವಿಭಜನೆಗಳ ಸಿದ್ಧಾಂತದಲ್ಲಿ ಕೆಲವು ಊಹೆಗಳು’. ಇಲ್ಲೊಂದು ಸ್ವಾರಸ್ಯವನ್ನು ಗಮನಿಸಬೇಕು. ಪತ್ರಿಕೆಯ ಹೆಸರು ‘ಕಂಡುಕೊಂಡೆ’ ಎಂದು. ಲೇಖನದ ಹೆಸರು ‘ನಾನು ಊಹಿಸುತ್ತೇನೆ’ ಎಂದು!

ಊಹೆ ಯಾವುದರ ಬಗೆಗೆ? ಅದರ ಬೇರು ನಮ್ಮ ಶ್ರೀನಿವಾಸ ರಾಮಾನುಜನ್ ಅವರಲ್ಲಿದೆ. ಒಂದು ಸಂಖ್ಯೆಯನ್ನು ಎಷ್ಟು ಬಗೆಯಲ್ಲಿ ಒಡೆದು ಕೂಡಿಸಬಹುದು ಎಂಬುದು ಪ್ರಶ್ನೆ. ನಾಲ್ಕನ್ನು ತೆಗೆದುಕೊಳ್ಳಿ. ನಾಲ್ಕನ್ನೇ ಇಡಿಯಾಗಿ ಇಡಬಹುದು. ಮೂರು ಮತ್ತು ಒಂದು. ಎರಡು ಮತ್ತು ಎರಡು. ಎರಡು, ಒಂದು, ಒಂದು. ಇಲ್ಲವೆ ನಾಲ್ಕು ಒಂದುಗಳು. ಒಟ್ಟು 5 ಬಗೆ. ಒಂಬತ್ತನ್ನು ಹೀಗೆಯೇ ಒಡೆದರೆ 30 ಬಗೆ. ಹದಿನಾಲ್ಕನ್ನು ಒಡೆದರೆ 135. ಸಂಖ್ಯೆಯ ಕೊನೆಯ ಅಂಕಿ ನಾಲ್ಕೋ ಒಂಬತ್ತೋ ಆಗಿದ್ದರೆ ಈ ಬಗೆಗಳ ಎಣಿಕೆ ಯಾವಾಗಲೂ ಐದರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ ಎಂದು ರಾಮಾನುಜನ್ ಕಂಡರು. 1919ರಲ್ಲಿ ಅದಕ್ಕೆ ಸಾಧನೆಯನ್ನೂ ಪ್ರಕಟಿಸಿದರು. ಏಳಕ್ಕೂ ಹನ್ನೊಂದಕ್ಕೂ ಇಂಥವೇ ನಿಯಮಗಳನ್ನು ಕಂಡರು. ಮರುವರ್ಷವೇ ಅವರು ತೀರಿಕೊಂಡರು.

ರಾಮಾನುಜನ್ ಇದ್ದ ಟ್ರಿನಿಟಿ ಕಾಲೇಜಿಗೇ 1941ರಲ್ಲಿ ಬಂದ ಡೈಸನ್, ಬೇರೊಂದು ರೀತಿಯಲ್ಲಿ ಕೇಳಿಕೊಂಡ. ಐದರಿಂದ ಭಾಗವಾಗುತ್ತದೆ, ಸರಿ. ಹಾಗಾದರೆ ಆ ಬಗೆಗಳನ್ನೆಲ್ಲ ಐದು ಸಮಪಾಲುಗಳಾಗಿ ಹಂಚಿ ಕಣ್ಣಿಗೆ ತೋರಿಸಲು ಆಗದೆ? ಅದಕ್ಕೊಂದು ಉಪಾಯವನ್ನೂ ಹೇಳಿದ. ಪ್ರತಿಯೊಂದು ಬಗೆಯಲ್ಲಿಯೂ ಎಲ್ಲಕ್ಕಿಂತ ದೊಡ್ಡ ತುಂಡಿನಿಂದ ತುಂಡುಗಳ ಸಂಖ್ಯೆಯನ್ನು ಕಳೆಯಿರಿ. ಉಳಿದದ್ದು ಅದರ ‘ರ್‍ಯಾಂಕ್’. ಈ ರ್‍ಯಾಂಕನ್ನು ಐದರಿಂದ ಭಾಗಿಸಿ, ಶೇಷವನ್ನು ನೋಡಿ ಗುಂಪು ಮಾಡಿರಿ. ನಾಲ್ಕರ ಐದು ಬಗೆಗಳು ಐದು ಬೇರೆ ಬೇರೆ ಗುಂಪಿಗೆ ಹೋಗುತ್ತವೆ. ಒಂಬತ್ತರ ಮೂವತ್ತು ಬಗೆಗಳು ಆರಾರಾಗಿ ಹಂಚಿಹೋಗುತ್ತವೆ. ಪೇಟೆಯ ಅಂಗಡಿಯವನೂ ಕಾಗದ ಪೆನ್ಸಿಲು ಹಿಡಿದು ಪರೀಕ್ಷಿಸಬಹುದಾದ ಮಾತು! ಏಳಕ್ಕೂ ಇದು ನಡೆಯುತ್ತದೆ. ಆದರೆ ಹನ್ನೊಂದಕ್ಕೆ ನಡೆಯುವುದಿಲ್ಲ.

ಆ ತರುಣ ಏನನ್ನೂ ಮುಚ್ಚಿಡಲಿಲ್ಲ. ಐದಕ್ಕೂ ಏಳಕ್ಕೂ ಇದು ನಿಜವೆಂದು ತೋರುತ್ತದೆ, ಆದರೆ ಸಾಧಿಸಲು ನನ್ನಿಂದಾಗಲಿಲ್ಲ ಎಂದ. ಹನ್ನೊಂದಕ್ಕೆ ಬೇರೊಂದು ಅಳತೆಗೋಲು ಇರಲೇಬೇಕು. ಅದು ಯಾವುದೋ ತಿಳಿಯದು. ಸದ್ಯಕ್ಕೆ ಅದನ್ನು ‘ಕ್ರ್ಯಾಂಕ್’ ಎಂದು ಕರೆಯೋಣ ಎಂದ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಾವು ನಗುತ್ತೇವಲ್ಲ, ಅಂಥದೇ ಕುಲಾವಿ ಇದು. ಲೇಖನ ಅಚ್ಚಾಗುವ ವೇಳೆಗೆ ಯುದ್ಧ ಅವನನ್ನು ಕಾಲೇಜಿನಿಂದ ಎಳೆದೊಯ್ದಿತ್ತು. ಬಾಂಬರ್ ವಿಮಾನದಳದ ಕಚೇರಿಯಲ್ಲಿ ಅವನು ಲೆಕ್ಕಗಳನ್ನು ಹಾಕುತ್ತಿದ್ದ.

ಕುಲಾವಿ ಕಾದುಕೊಂಡಿತು. ಐದು ಮತ್ತು ಏಳರ ಊಹೆಗಳನ್ನು 1954ರಲ್ಲಿ ಅಟ್ಕಿನ್ ಮತ್ತು ಸ್ವಿನ್ನರ್ಟನ್-ಡೈಯರ್ ಸಾಧಿಸಿದರು. ಹನ್ನೊಂದರ ಕ್ರ್ಯಾಂಕ್ ಮಾತ್ರ ಕೈಗೆ ಸಿಕ್ಕಲಿಲ್ಲ. 1987ರಲ್ಲಿ, ರಾಮಾನುಜನ್ ಅವರ ಜನ್ಮಶತಾಬ್ದಿಯ ವರ್ಷ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಸಮ್ಮೇಳನ ಸೇರಿತು. ಡೈಸನ್ ಕೂಡ ಬಂದಿದ್ದರು. ಆ ವೇಳೆಗೆ ಅವರು ಜಗದ್ವಿಖ್ಯಾತ ಭೌತವಿಜ್ಞಾನಿ. ಸಮ್ಮೇಳನ ಮುಗಿದ ಬೆನ್ನಿಗೇ, ಜಾರ್ಜ್ ಆಂಡ್ರ್ಯೂಸ್ ಮತ್ತು ಅವರ ಶಿಷ್ಯ ಫ್ರ್ಯಾಂಕ್ ಗಾರ್ವನ್ ಆ ಕ್ರ್ಯಾಂಕನ್ನು ಕಂಡುಹಿಡಿದರು. ಎಲ್ಲಿ? ವಿದ್ಯಾರ್ಥಿಗಳ ವಸತಿಗೃಹವೊಂದರಲ್ಲಿ. ನಲವತ್ತಮೂರು ವರ್ಷಗಳ ಹಿಂದೆ ವಿದ್ಯಾರ್ಥಿಗಳ ಪತ್ರಿಕೆಯಲ್ಲಿ ಹೊರಟ ಪ್ರಶ್ನೆ ವಿದ್ಯಾರ್ಥಿಗಳ ಬಿಡಾರದಲ್ಲಿಯೇ ಉತ್ತರವನ್ನು ಪಡೆಯಿತು.

ಈ ಕಥೆಯಿಂದ ಪ್ರತಿಯೊಬ್ಬ ವಿದ್ಯಾರ್ಥಿಯೂ ಡೈಸನ್ ಆಗುತ್ತಾನೆ ಎಂದು ಹೇಳಲು ನಾನು ಹೊರಟಿಲ್ಲ. ನಾನು ಕೇಳುವುದು ಇಷ್ಟೆ: ಆ ಲೇಖನವನ್ನು ಬೇರೆ ಯಾವ ಪತ್ರಿಕೆ ಅಚ್ಚುಮಾಡುತ್ತಿತ್ತು? ವಿದ್ವತ್ಪತ್ರಿಕೆಗಳು ಸಾಧನೆಯನ್ನು ಕೇಳುತ್ತವೆ, ಕೇಳಬೇಕಾದದ್ದೇ. ಪರೀಕ್ಷೆಯ ಉತ್ತರಪತ್ರಿಕೆ ಆಗಲೇ ಗೊತ್ತಿರುವ ಉತ್ತರವನ್ನು ಕೇಳುತ್ತದೆ. ‘ನನಗೆ ಹೀಗೆ ತೋರುತ್ತದೆ, ಇಷ್ಟನ್ನು ಪರೀಕ್ಷಿಸಿದ್ದೇನೆ, ಮುಂದಿನದು ತಿಳಿಯದು’ ಎಂಬ ಪ್ರಾಮಾಣಿಕವಾದ ಮಾತಿಗೆ ಎರಡರಲ್ಲಿಯೂ ಎಡೆಯಿಲ್ಲ. ಆ ಎಡೆಯನ್ನು ಕೊಡಬಲ್ಲದ್ದು ವಿದ್ಯಾರ್ಥಿಗಳ ಪತ್ರಿಕೆಯೊಂದೇ. ಅದು ಗಣಿತಕ್ಕೆ ಮಾತ್ರವೇ ಮೀಸಲಾಗಬೇಕಿಲ್ಲ. ಅಮೆರಿಕದ ಹಾರ್ವರ್ಡಿನಲ್ಲಿ ನ್ಯಾಯಶಾಸ್ತ್ರದ ವಿದ್ಯಾರ್ಥಿಗಳು 1887ರಿಂದ ತಮ್ಮ ಪತ್ರಿಕೆಯನ್ನು ನಡೆಸುತ್ತ ಬಂದಿದ್ದಾರೆ. ಇತಿಹಾಸ, ಸಸ್ಯಶಾಸ್ತ್ರ, ಅರ್ಥಶಾಸ್ತ್ರಗಳ ಬರಹಗಳನ್ನು ಒಂದೇ ರಟ್ಟಿನೊಳಗೆ ತರುವ ವಿದ್ಯಾರ್ಥಿಪತ್ರಿಕೆಗಳೂ ಇವೆ. ಅಂಥ ಕಡೆ ಇನ್ನೊಂದು ಲಾಭ. ರಸಾಯನಶಾಸ್ತ್ರದ ಲೇಖನವನ್ನು ಇತಿಹಾಸದ ಹುಡುಗಿ ತಿದ್ದಲು ಕುಳಿತಾಗ, ‘ಹಾಗೆಂದರೇನು?’ ಎಂದು ಕೇಳದೆ ಬಿಡುವುದಿಲ್ಲ. ಬರೆದವನು ತಿಳಿಯುವಂತೆ ಹೇಳಲೇಬೇಕಾಗುತ್ತದೆ. ಹೇಳಹೋದಾಗ, ತನಗೇ ಸರಿಯಾಗಿ ತಿಳಿದಿರಲಿಲ್ಲವೆಂಬುದು ಎಷ್ಟೋ ಸಲ ಹೊರಬೀಳುತ್ತದೆ.

ನಮಗೆ ಇದು ತೀರ ಹೊಸದೂ ಅಲ್ಲ. ರಾಮಾನುಜನ್ ಅವರ ಲೇಖನ ಬಂದ ಆ 1919ರಲ್ಲಿಯೇ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ‘ಪ್ರಬುದ್ಧ ಕರ್ಣಾಟಕ’ ಹೊರಟಿತು. ಅದರ ಹಿಂದೆ ನಿಂತವರು ಎ.ಆರ್. ಕೃಷ್ಣಶಾಸ್ತ್ರಿಗಳಂಥ ಗುರುಗಳು, ನಿಜ. ಆದರೆ ಒಂದು ಕಾಲೇಜಿನ ಸಂಘದ ಪತ್ರಿಕೆ ನಾಡಿನ ವಿದ್ವತ್ತಿನ ಪತ್ರಿಕೆಯಾಗಿ ಬೆಳೆಯಬಲ್ಲುದು ಎಂಬುದನ್ನು ಅದು ತೋರಿಸಿಕೊಟ್ಟಿತು.

ಮುಗಿಸುವ ಮುನ್ನ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ, ನಾನು ಪಾಠ ಹೇಳುತ್ತಿದ್ದ ಕಾಲೇಜಿನ ವಾರ್ಷಿಕ ಸಂಚಿಕೆಯ ಹೊಣೆ ನನ್ನ ಪಾಲಿಗೆ ಬಂದಿತ್ತು. ಬಿ.ಎ. ಎರಡನೆಯ ವರ್ಷದ ಹುಡುಗಿಯೊಬ್ಬಳು ಒಂದು ಲೇಖನವನ್ನು ತಂದುಕೊಟ್ಟಳು. ತನ್ನ ಊರಿನ ಕುಂಬಾರಗೇರಿಯಲ್ಲಿ ಮಣ್ಣಿಗೆ, ತಿಗರಿಗೆ, ಆವಿಗೆಗೆ ಸಂಬಂಧಿಸಿದಂತೆ ಬಳಸುವ ಮಾತುಗಳನ್ನೆಲ್ಲ ಕೂಡಿಹಾಕಿದ್ದಳು. ಹೊಳೆಯ ಆಚೆ ದಡದ ಕುಂಬಾರರು ಅದೇ ಮಡಕೆಯನ್ನು ಬೇರೆ ಹೆಸರಿನಿಂದ ಕರೆಯುತ್ತಾರೆ. ಎರಡು ಕೇರಿಯವರೂ ಬೇರೆ ಬೇರೆ ಸೀಮೆಯಿಂದ ಬಂದವರಿರಬಹುದೆ ಎಂಬುದು ಅವಳ ಊಹೆ. ಕೊನೆಯಲ್ಲಿ ತನಗೆ ಉತ್ತರ ತಿಳಿಯದ ಒಂಬತ್ತು ಪ್ರಶ್ನೆಗಳನ್ನು ಪಟ್ಟಿಮಾಡಿದ್ದಳು. ನಾನು ಓದಿ, ‘ಚೆನ್ನಾಗಿದೆ, ಆದರೆ ಇದಕ್ಕೆ ಉಪಸಂಹಾರವೇ ಇಲ್ಲವಲ್ಲಮ್ಮ, ಪೂರ್ತಿಮಾಡಿಕೊಂಡು ಬಾ’ ಎಂದೆ. ಅವಳು ತಲೆಯಾಡಿಸಿ ಹಾಳೆಗಳನ್ನು ತೆಗೆದುಕೊಂಡು ಹೋದಳು. ಮತ್ತೆ ತರಲಿಲ್ಲ. ಆ ಪುಟಗಳಲ್ಲಿ ನಾನು ಏನನ್ನು ಅಚ್ಚುಮಾಡಿಸಿದೆನೋ, ಈಗ ನೆನಪಿಗೆ ಬರುವುದಿಲ್ಲ. ಆ ಕೇರಿಯಲ್ಲಿ ಈಗ ತಿಗರಿ ತಿರುಗುತ್ತಿಲ್ಲವೆಂದು ಕೇಳಿದ್ದೇನೆ. ಆ ಒಂಬತ್ತು ಪ್ರಶ್ನೆಗಳನ್ನು ಇನ್ನು ಯಾರನ್ನು ಕೇಳುವುದು?

ಕೇಂಬ್ರಿಜಿನ ಆ ಸಂಪಾದಕರು ತಮ್ಮ ಓರಗೆಯವನಿಗೆ ‘ಪೂರ್ತಿಮಾಡಿಕೊಂಡು ಬಾ’ ಎನ್ನಲಿಲ್ಲ. ಕೆಲವು ಪುಟಗಳನ್ನು ಬಿಟ್ಟುಕೊಟ್ಟರು, ಅಷ್ಟೆ. ನಮ್ಮ ಕಾಲೇಜುಗಳ ಸಂಚಿಕೆಯಲ್ಲಿಯೂ ಭಾವಚಿತ್ರಗಳ ನಡುವೆ ಅಂಥ ಕೆಲವು ಪುಟಗಳಿಗೆ ಜಾಗ ಮಾಡಬಹುದು. ಅವುಗಳನ್ನು ತುಂಬುವ ಕೆಲಸವನ್ನೂ ತಿದ್ದುವ ಕೆಲಸವನ್ನೂ ವಿದ್ಯಾರ್ಥಿಗಳಿಗೇ ಬಿಡಬಹುದು. ಉತ್ತರ ಬರಲು ನಲವತ್ತು ವರ್ಷ ಹಿಡಿದರೆ ಹಿಡಿಯಲಿ. ಪ್ರಶ್ನೆ ಅಚ್ಚಿನಲ್ಲಿ ಇದ್ದರೆ, ಉತ್ತರ ಎಂದಾದರೊಂದು ದಿನ ಅದನ್ನು ಹುಡುಕಿಕೊಂಡು ಬಂದೀತು.