ಗಡಸು ನೀರು: ಮೆದುಗೊಳಿಸುವ ಯಂತ್ರ ಕೊಳ್ಳುವ ಮುನ್ನ ಮತ್ತು ಕೊಂಡ ಮೇಲೆ

(ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ನಮ್ಮ ಬಯಲುಸೀಮೆಯಲ್ಲಿ ಕೊಳವೆ ಬಾವಿ ಆಳಕ್ಕೆ ಹೋದಂತೆಲ್ಲ ಅನೇಕ ಕಡೆ ನೀರು ಗಡಸಾಗುತ್ತಾ ಬಂದಿದೆ. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಹಂಡೆಯ ಒಳಗೆ ಬಿಳಿ ಪೊರೆ ಕಟ್ಟುತ್ತದೆ, ಗೀಸರಿನ ಕಾಯಿಲ್ ಸುಟ್ಟುಹೋಗುತ್ತದೆ. ಇವು ತಮಗೆಲ್ಲ ತಿಳಿದ ಸಂಗತಿಗಳೇ. ಈಗ ನೀರು ಮೆದುಗೊಳಿಸುವ ಯಂತ್ರ, ಅಂದರೆ ಸಾಫ್ಟ್‌ನರ್, ಹಳ್ಳಿಯ ಮನೆಗಳಿಗೂ ಬರುತ್ತಿದೆ. ಹಲವು ತಿಂಗಳ ಬಟವಾಡೆ ಹಣವನ್ನು ಒಮ್ಮೆಗೇ ಕೊಟ್ಟು ಕೊಳ್ಳುವ ವಸ್ತು ಇದು. ಆದುದರಿಂದ ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳೋಣ.

ಗಡಸುತನ ಎಂದರೇನು?

ಮಳೆಯ ನೀರು ಮೆದುವಾದದ್ದು. ಅದು ಕಲ್ಲು ಮಣ್ಣಿನ ಮೂಲಕ ಇಳಿಯುವಾಗ ಸುಣ್ಣದ ಅಂಶ (ಕ್ಯಾಲ್ಸಿಯಂ) ಮತ್ತು ಮೆಗ್ನೀಸಿಯಂ ಕರಗಿ ಸೇರುತ್ತವೆ. ಇದೇ ಗಡಸುತನ. ಒಂದು ಲೀಟರಿನಲ್ಲಿ ಇಷ್ಟು ಮಿಲಿಗ್ರಾಂ ಎಂದು ಅದನ್ನು ಅಳೆಯುತ್ತಾರೆ. ಮಾರಾಟಗಾರರು ಹೇಳುವ ಪಿಪಿಎಂ ಎಂದರೂ ಅದೇ. ಕುಡಿಯುವ ನೀರಿಗೆ ಭಾರತೀಯ ಮಾನಕ ಐ.ಎಸ್. 10500 (2012) ಹೇಳುವ ಮಟ್ಟ 200 ಮಿಲಿಗ್ರಾಂ. ಬೇರೆ ನೀರಿಲ್ಲದ ಕಡೆ 600ರವರೆಗೆ ಒಪ್ಪಬಹುದು.

ಗಡಸು ನೀರು ಕುಡಿದರೆ ರಾಸುಗಳ ಹಾಲು ಇಳಿಯುತ್ತದೆಯೇ ಎಂದು ಅನೇಕರು ಕೇಳುತ್ತಾರೆ. ಗಡಸುತನವೊಂದರಿಂದಲೇ ಹಾಲು ಇಳಿಯುವುದಿಲ್ಲ. ರಾಸುಗಳಿಗೆ ಕುಡಿಸಲು ಸಾಫ್ಟ್‌ನರ್ ಬೇಕಾಗಿಲ್ಲ. ಶುದ್ಧವಾದ ನೀರು ಹೊಟ್ಟೆ ತುಂಬ ಸಿಗಬೇಕು, ಅಷ್ಟೆ.

ಹಾಲಿಗೂ ಗಡಸು ನೀರಿಗೂ ಏನು ಸಂಬಂಧ?

ಸಂಬಂಧವಿರುವುದು ಪಾತ್ರೆ ತೊಳೆಯುವಲ್ಲಿ. ನೀರಿನ ಸುಣ್ಣದ ಅಂಶವೂ ಹಾಲಿನ ಜಿಡ್ಡು, ಪ್ರೋಟೀನು, ಲವಣಗಳೂ ಸೇರಿ ಕ್ಯಾನಿನ ಒಳಮೈಗೆ, ಕರೆಯುವ ಯಂತ್ರದ ಕೊಳವೆಗೆ ಗಟ್ಟಿ ಪೊರೆಯಾಗಿ ಅಂಟುತ್ತವೆ. ಇದನ್ನು ಹಾಲುಗಲ್ಲು ಎನ್ನಬಹುದು. ಬೆರಳಾಡಿಸಿದರೆ ಒರಟಾಗಿ ಸಿಗುತ್ತದೆ. ಈ ಪೊರೆಯ ಸಂದಿನಲ್ಲಿ ಸೂಕ್ಷ್ಮಾಣುಗಳು ಉಳಿದು, ಮರುದಿನ ಹೊಸ ಹಾಲಿಗೆ ಇಳಿಯುತ್ತವೆ. ಆಗ ಒಳ್ಳೆಯ ಹಾಲೂ ಬೇಗ ಹುಳಿಯಾಗುತ್ತದೆ.

ಇದಕ್ಕೆ ಯಂತ್ರಕ್ಕಿಂತ ಮೊದಲು ಕ್ರಮ ಬೇಕು. ಹಾಲು ಬಗ್ಗಿಸಿದ ಕೂಡಲೇ ಪಾತ್ರೆಯನ್ನು ಉಗುರುಬೆಚ್ಚನೆಯ ನೀರಿನಲ್ಲಿ ಗಲಬರಿಸಬೇಕು. ಮೊದಲೇ ಕುದಿಯುವ ನೀರು ಹಾಕಿದರೆ ಹಾಲಿನ ಅಂಶ ಪಾತ್ರೆಗೆ ಕಚ್ಚಿಕೊಳ್ಳುತ್ತದೆ. ಅನಂತರ ಹಾಲಿನ ಪಾತ್ರೆಗಾಗಿಯೇ ಇರುವ ತೊಳೆಯುವ ಪುಡಿ ಮತ್ತು ಬಿಸಿ ನೀರಿನಿಂದ ಬ್ರಷ್ ಹಾಕಿ ಉಜ್ಜಿ, ಶುದ್ಧ ನೀರಿನಿಂದ ತೊಳೆದು, ಬೋರಲು ಹಾಕಿ ಒಣಗಿಸಬೇಕು. ಅಲ್ಯೂಮಿನಿಯಂ ಕ್ಯಾನಿಗೆ ವಾಷಿಂಗ್ ಸೋಡ, ಕಾಸ್ಟಿಕ್ ಸೋಡ ಹಾಕಬಾರದು, ಲೋಹ ತಿಂದುಹೋಗುತ್ತದೆ. ಕಟ್ಟಿರುವ ಹಾಲುಗಲ್ಲು ಬಿಡಿಸಲು ಡೇರಿ ಉಪಯೋಗದ ಆಮ್ಲ ದ್ರಾವಣವಿದೆ. ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿಯೇ ಬಳಸಬೇಕು. ಆಮ್ಲವನ್ನು ಬ್ಲೀಚಿಂಗ್ ಪುಡಿಯ ಜೊತೆಗೆ ಎಂದಿಗೂ ಬೆರೆಸಬೇಡಿ. ಹೊರಡುವ ಕ್ಲೋರಿನ್ ವಿಷಾನಿಲ ಪ್ರಾಣಕ್ಕೆ ಅಪಾಯ.

ಸಾಫ್ಟ್‌ನರ್ ಕೆಲಸ ಮಾಡುವ ಬಗೆ

ಯಂತ್ರದ ಸಿಲಿಂಡರಿನೊಳಗೆ ರಾಗಿಕಾಳಿಗಿಂತ ಸಣ್ಣ ಮಣಿಗಳಿರುತ್ತವೆ. ಇವಕ್ಕೆ ರೆಸಿನ್ ಎನ್ನುತ್ತಾರೆ. ಈ ಮಣಿಗಳು ಮೊದಲು ಉಪ್ಪಿನ ಸೋಡಿಯಂ ಹೊತ್ತಿರುತ್ತವೆ. ಗಡಸು ನೀರು ಹರಿದಾಗ ಸುಣ್ಣದ ಅಂಶವನ್ನು ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ತುಂಬಿದ ಕ್ಯಾನ್ ಏರಿಸಿಕೊಂಡು ಖಾಲಿ ಕ್ಯಾನ್ ಇಳಿಸಿ ಹೋಗುವ ಹಾಲಿನ ಲಾರಿಯಂತೆ ಇದು. ಲಾರಿ ತುಂಬಿದ ಮೇಲೆ ಡೇರಿಗೆ ಹೋಗಿ ಖಾಲಿ ಮಾಡಿ ಬರಲೇಬೇಕು. ಹಾಗೆಯೇ ಮಣಿಗಳು ತುಂಬಿದ ಮೇಲೆ ಉಪ್ಪುನೀರು ಹಾಯಿಸಿ ಅವುಗಳನ್ನು ಮತ್ತೆ ಸಿದ್ಧಗೊಳಿಸಬೇಕು. ಇದಕ್ಕೆ ಪುನಶ್ಚೇತನ ಎಂದು ಹೆಸರು.

ಏನನ್ನು ಮಾಡುವುದಿಲ್ಲ?

ಇದು ಇಂದಿನ ಮಾತಿನಲ್ಲಿ ಅತಿ ಮುಖ್ಯವಾದ ಭಾಗ. ಸಾಫ್ಟ್‌ನರ್ ಗಡಸುತನವನ್ನು ಮಾತ್ರ ತೆಗೆಯುತ್ತದೆ. ಫ್ಲೋರೈಡ್ ತೆಗೆಯುವುದಿಲ್ಲ. ನೈಟ್ರೇಟ್ ತೆಗೆಯುವುದಿಲ್ಲ. ರೋಗಾಣುಗಳನ್ನು ಕೊಲ್ಲುವುದಿಲ್ಲ. ಕೋಲಾರ, ತುಮಕೂರು, ಚಿತ್ರದುರ್ಗದಂಥ ಜಿಲ್ಲೆಗಳ ಅನೇಕ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ದೊಡ್ಡವರಲ್ಲಿ ಕೀಲು ಬೆನ್ನು ಬಿಗಿಯುವುದು ಇದರಿಂದಲೇ. ಯಂತ್ರ ಹಾಕಿಸಿದೆವು, ಸೋಪು ನೊರೆ ಬಂತು, ಇನ್ನು ನೀರು ಒಳ್ಳೆಯದು ಎಂದು ತಿಳಿದು ಅದನ್ನೇ ಮಕ್ಕಳಿಗೆ ಕುಡಿಸುತ್ತಿದ್ದರೆ ಹಾನಿ ಮುಂದುವರಿಯುತ್ತಲೇ ಇರುತ್ತದೆ.

ಇನ್ನೊಂದು ಸಂಗತಿ. 600 ಮಿಲಿಗ್ರಾಂ ಗಡಸುತನ ತೆಗೆದರೆ ಪ್ರತಿ ಲೀಟರಿಗೆ ಸುಮಾರು 275 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ರಕ್ತದೊತ್ತಡ ಇರುವವರಿಗೆ, ಎಳೆ ಮಕ್ಕಳಿಗೆ ಇದು ಒಳ್ಳೆಯದಲ್ಲ. ಆದುದರಿಂದ ಕುಡಿಯುವ, ಅಡುಗೆಯ ನೀರಿನ ನಲ್ಲಿಯನ್ನು ಬೇರೆ ಇಡಿ. ಬಚ್ಚಲು, ಬಟ್ಟೆ, ಗೀಸರ್, ಹಾಲಿನ ಪಾತ್ರೆ, ಇಷ್ಟಕ್ಕೆ ಮಾತ್ರ ಸಾಫ್ಟ್‌ನರ್ ನೀರು ಸಾಕು.

ಕೊಳ್ಳುವ ಮುನ್ನ

1. ನೀರನ್ನು ಪರೀಕ್ಷೆ ಮಾಡಿಸಿ. ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯದಲ್ಲಿ ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ ನಾಲ್ಕನ್ನೂ ನೋಡಿಸಿ. ಗ್ರಾಮ ಪಂಚಾಯಿತಿಯಲ್ಲಿ ಪರೀಕ್ಷಾ ಕಿಟ್ ಇದೆಯೇ ಎಂದೂ ವಿಚಾರಿಸಿ.

2. ಲೆಕ್ಕ ಹಾಕಿ. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆ. 25 ಲೀಟರ್ ರೆಸಿನ್ 1,250 ಗ್ರಾಂ ಹಿಡಿಯುತ್ತದೆ. ನಿಮ್ಮ ನೀರಿನಲ್ಲಿ ಲೀಟರಿಗೆ 600 ಮಿಲಿಗ್ರಾಂ ಇದ್ದರೆ ಸುಮಾರು 2,000 ಲೀಟರ್ ಮೆದು ನೀರು ಸಿಗುತ್ತದೆ. ದಿನಕ್ಕೆ 250 ಲೀಟರ್ ಬಳಸಿದರೆ ಎಂಟು ದಿನ. ಮಾರುವವರನ್ನು ಸಿಲಿಂಡರಿನ ಎತ್ತರ ಕೇಳಬೇಡಿ. ಒಳಗೆ ಎಷ್ಟು ಲೀಟರ್ ರೆಸಿನ್ ಇದೆ ಎಂದು ಕೇಳಿ, ರಸೀದಿಯಲ್ಲಿ ಬರೆಸಿ.

3. ನೀರಿನಲ್ಲಿ ಮರಳು ಬರುತ್ತಿದ್ದರೆ ಮೊದಲು ಮರಳಿನ ಫಿಲ್ಟರ್ ಬೇಕು. ನಲ್ಲಿಯ ಕೆಳಗೆ ಕೆಂಪು ಕಲೆ ಬೀಳುತ್ತಿದ್ದರೆ ಕಬ್ಬಿಣವಿದೆ; ಅದನ್ನು ಮುಂಚೆ ತೆಗೆಯದಿದ್ದರೆ ರೆಸಿನ್ ಹಾಳಾಗುತ್ತದೆ.

4. ನೀರಿನ ಒತ್ತಡ ನೋಡಿ. ನಲ್ಲಿಗಿಂತ 10 ಅಡಿ ಎತ್ತರದ ಟ್ಯಾಂಕಿನ ಒತ್ತಡ ಅನೇಕ ಯಂತ್ರಗಳಿಗೆ ಸಾಲದು. ಸಣ್ಣ ಪಂಪು ಬೇಕೇ ಎಂದು ಕೇಳಿ ಅದರ ಖರ್ಚನ್ನೂ ಸೇರಿಸಿ.

5. ವಿದ್ಯುತ್ ಹೋಗಿ ಬರುವ ಊರಿನಲ್ಲಿ ಕೈಯಿಂದ ತಿರುಗಿಸುವ ವಾಲ್ವ್ ಇರುವ ಯಂತ್ರವೇ ಸರಳ. ತಾನೇ ನಡೆಯುವ ಯಂತ್ರದ ಗಡಿಯಾರ ಕರೆಂಟು ಹೋದಾಗ ತಪ್ಪುವುದುಂಟು.

6. ಕೊಳವೆಗೆ ಕಟ್ಟುವ ಆಯಸ್ಕಾಂತ ಸುಣ್ಣದ ಅಂಶವನ್ನು ತೆಗೆಯುವುದಿಲ್ಲ. ಕಟ್ಟುವ ಮುಂಚೆ, ಕಟ್ಟಿದ ಮೇಲೆ ಪರೀಕ್ಷೆ ಮಾಡಿಸಿದರೆ ಅದೇ ಅಂಕಿ ಬರುತ್ತದೆ. ಲೋಟದಲ್ಲಿ ಎರಡು ಕಡ್ಡಿ ಇಳಿಸಿ ಕರೆಂಟು ಹಾಯಿಸಿ, ನೀರು ಕೆಂಪಾಗುವುದನ್ನು ತೋರಿಸಿ ಹೆದರಿಸುವವರಿಗೂ ಮರುಳಾಗಬೇಡಿ. ಆ ಬಣ್ಣ ಬಹುಪಾಲು ಕಬ್ಬಿಣದ ಕಡ್ಡಿಯೇ ಕರಗಿ ಬಂದದ್ದು.

ಕೊಂಡ ಮೇಲೆ

ಮೇಲಿನ ಉದಾಹರಣೆಯ ಯಂತ್ರಕ್ಕೆ ವಾರಕ್ಕೊಮ್ಮೆ ಪುನಶ್ಚೇತನ ಬೇಕು. ಒಂದು ದಿನವನ್ನು ಗೊತ್ತು ಮಾಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೊದಲು ನೀರನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸಿ ಕೊಳೆ ಹೊರಹಾಕಿ. ಸುಮಾರು 4 ಕಿಲೋ ಉಪ್ಪನ್ನು 40 ಲೀಟರ್ ನೀರಿನಲ್ಲಿ ಕರಗಿಸಿ ಬಟ್ಟೆಯಲ್ಲಿ ಸೋಸಿ, ಅರ್ಧ ಗಂಟೆಯಷ್ಟು ನಿಧಾನವಾಗಿ ಹಾಯಿಸಿ. ಕೊನೆಗೆ ಉಪ್ಪಿನ ರುಚಿ ಹೋಗುವವರೆಗೆ ತೊಳೆಯಿರಿ. ಯಂತ್ರದ ಕೈಪಿಡಿ ಬೇರೆ ಅಳತೆ ಹೇಳಿದ್ದರೆ ಅದನ್ನೇ ಅನುಸರಿಸಿ. ಮಣ್ಣಿಲ್ಲದ ಹರಳುಪ್ಪೇ ಸಾಕು. ಅಡುಗೆಯ ಪುಡಿ ಉಪ್ಪು ಬೇಡ.

ಹೊರಬಂದ ಉಪ್ಪುನೀರನ್ನು ತೆಂಗಿನ ಬುಡಕ್ಕೆ, ಮೇವಿನ ಮಡಿಗೆ, ಬಾವಿಯ ಹತ್ತಿರಕ್ಕೆ ಬಿಡಬಾರದು. ಉಪ್ಪು ಸೇರಿದ ಮಣ್ಣು ಬಿಗಿದುಕೊಂಡು ನೀರು ಇಂಗುವುದಿಲ್ಲ. ರಾಸುಗಳು ಅದಕ್ಕೆ ಬಾಯಿ ಹಾಕದಂತೆಯೂ ನೋಡಿಕೊಳ್ಳಿ. ಬೇಕಾದಷ್ಟು ನೀರನ್ನು ಮಾತ್ರ ಮೆದು ಮಾಡಿದರೆ ಉಪ್ಪೂ ಉಳಿಯುತ್ತದೆ, ಈ ತೊಂದರೆಯೂ ಕಡಿಮೆ.

ಯಂತ್ರ ಸರಿಯಾಗಿ ನಡೆಯುತ್ತಿದೆಯೇ ಎಂದು ಟಿ.ಡಿ.ಎಸ್. ಮೀಟರಿನಿಂದ ತಿಳಿಯದು. ಸುಣ್ಣ ಹೋಗಿ ಸೋಡಿಯಂ ಬರುವುದರಿಂದ ಆ ಅಂಕಿ ಇಳಿಯುವುದೇ ಇಲ್ಲ. ಅದಕ್ಕೆ ಗಡಸುತನದ ಕಿಟ್ ಇದೆ. ಇಲ್ಲವಾದರೆ ಅರ್ಧ ಬಾಟಲಿ ನೀರಿಗೆ ಸ್ನಾನದ ಸೋಪು ಕರಗಿಸಿದ ನೀರಿನ ಕೆಲವು ಹನಿ ಹಾಕಿ ಅಲುಗಿಸಿ. ನೊರೆ ನಿಂತರೆ ಮೆದು. ಮೊಸರೊಡೆದಂತೆ ಬಿಳಿ ತುಣುಕು ತೇಲಿದರೆ ಉಪ್ಪು ಹಾಕುವ ಕಾಲ ಬಂದಿದೆ.

ಯಂತ್ರವಿಲ್ಲದವರಿಗೆ

ಎಲ್ಲರೂ ಯಂತ್ರ ಕೊಳ್ಳಬೇಕಾಗಿಲ್ಲ. 100 ಚದರ ಮೀಟರ್ ಮಾಳಿಗೆಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 2,000 ಲೀಟರ್ ಮೆದು ನೀರು. ಸೋರಿಕೆ ಕಳೆದರೂ 1,500 ಲೀಟರ್ ಸಿಗುತ್ತದೆ. ಮೇಲೆ ಲೆಕ್ಕ ಹಾಕಿದ ಯಂತ್ರ ಒಂದು ಸಲ ಉಪ್ಪು ತಿಂದು ಕೊಡುವ ನೀರಿಗೆ ಇದು ಹೆಚ್ಚು ಕಡಿಮೆ ಸಮ. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು, ಉಳಿದದ್ದನ್ನು ಸೋಸಿ ಮುಚ್ಚಿದ ತೊಟ್ಟಿಯಲ್ಲಿ ಹಿಡಿದಿಡಿ. ಹಾಲಿನ ಪಾತ್ರೆಯ ಕೊನೆಯ ತೊಳೆತಕ್ಕೆ ಬಳಸುವುದಾದರೆ ಕುದಿಸಿ ಬಳಸಿ.

ಬಂಧುಗಳೇ, ಯಂತ್ರದ ಅಂಗಡಿಗೆ ಹೋಗುವುದಕ್ಕೆ ಮೊದಲು ಒಂದು ಬಾಟಲಿ ನೀರು ಹಿಡಿದು ಪ್ರಯೋಗಾಲಯಕ್ಕೆ ಹೋಗಿ. ಗಡಸುತನದ ಅಂಕಿ ನಿಮ್ಮ ಹಣವನ್ನು ಉಳಿಸುತ್ತದೆ; ಫ್ಲೋರೈಡಿನ ಅಂಕಿ ನಿಮ್ಮ ಮಕ್ಕಳನ್ನು ಉಳಿಸುತ್ತದೆ. ಎರಡನ್ನೂ ಕೇಳಿ ಬರೆಸಿಕೊಂಡು ಬನ್ನಿ.