ತಣಿದರೆ ಬಿಡುವ ಹಿಡಿತ

ಓದುಗರೇ, ಬಿಸಿನೀರಿನಲ್ಲಿ ಸಕ್ಕರೆ ಬೇಗ ಕರಗುತ್ತದಲ್ಲವೇ? ಪಾಲಿ-ಎನ್-ಐಸೊಪ್ರೊಪೈಲ್‌ಅಕ್ರಿಲಮೈಡ್ (ಹೆಸರು ಉದ್ದವೇ, ಇರಲಿ) ಎಂಬ ಪಾಲಿಮರ್‌ನ ಗುಣ ತದ್ವಿರುದ್ಧ. ತಣ್ಣೀರಿನಲ್ಲಿ ಅದರ ಸರಪಳಿಗಳು ನೀರಿನ ಅಣುಗಳ ಕೈಹಿಡಿದು ಚಾಚಿಕೊಂಡಿರುತ್ತವೆ. ಉಷ್ಣತೆ ಸುಮಾರು 32 ಡಿಗ್ರಿ ಸೆಲ್ಸಿಯಸ್ ದಾಟಿತೋ, ನೀರನ್ನು ಹೊರದೂಡಿ ಮುದುಡಿಕೊಳ್ಳುತ್ತವೆ.

ಜಪಾನಿನ ತೆರುವೊ ಒಕಾನೊ ಮತ್ತು ಸಂಗಡಿಗರು ಜೀವಕೋಶ ಬೆಳೆಸುವ ತಟ್ಟೆಗೆ ಇದನ್ನೇ ತೆಳುವಾಗಿ ಲೇಪಿಸಿದರು. 37 ಡಿಗ್ರಿಯಲ್ಲಿ ಕೋಶಗಳು ಅಂಟಿಕೊಂಡು ಬೆಳೆದವು. 20 ಡಿಗ್ರಿಗೆ ತಣಿಸಿದಾಗ ಲೇಪ ನೀರು ಹೀರಿತು. ಕೋಶಗಳ ಹಾಳೆ ಹರಿಯದೆ ತಾನೇ ಕಳಚಿತು. ಕಿಣ್ವ ಹಾಕಿ ಬಿಡಿಸುವ ಪದ್ಧತಿಯಲ್ಲಾದರೋ ಕೋಶಗಳ ನಡುವಣ ಬೆಸುಗೆಯೇ ಕಡಿದುಹೋಗುತ್ತದೆ.

2004ರಲ್ಲಿ ಪ್ರಕಟವಾದ ವರದಿ ನೋಡಿ: ಜಪಾನಿನ ವೈದ್ಯರು ನಾಲ್ವರು ರೋಗಿಗಳ ಬಾಯೊಳಗಿನ ಪೊರೆಯಿಂದ ಇಂಥ ಹಾಳೆ ಬೆಳೆಸಿ, ಮಂಜಾಗಿದ್ದ ಕಾರ್ನಿಯಾವನ್ನು ಹಸನುಮಾಡಿ, ಹೊಲಿಗೆಯಿಲ್ಲದೆ ಹೊದಿಸಿದರು. ನಾಲ್ವರ ದೃಷ್ಟಿಯೂ ಸುಧಾರಿಸಿತು.